ಸುಳ್ಳು ಹೇಳದ ಪೆಲೆಟ್: ಏರ್ ಪಿಸ್ತೂಲಿಗೆ ಡಬ್ಬಿ ಆರಿಸುವ ಬಗೆ

ಏರ್ ಪಿಸ್ತೂಲ್ ಕೊಂಡ ಮೊದಲ ವಾರದಲ್ಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಮೇಡಂ, ಯಾವ ಪೆಲೆಟ್ ತೆಗೆದುಕೊಳ್ಳಲಿ?" ಪೆಲೆಟ್ ಎಂದರೆ ಗಾಳಿಯ ಒತ್ತಡದಿಂದ ಈ ಪಿಸ್ತೂಲಿನಿಂದ ಹಾರುವ ಪುಟ್ಟ ಲೋಹದ ಗುಂಡು. ನಮ್ಮ ಶೂಟಿಂಗ್ ಕ್ಲಬ್ಬಿನ ಪೆಲೆಟ್ ಕಪಾಟಿನ ಬೀಗದ ಕೈ ನನ್ನ ಬಳಿ ಇರುವುದರಿಂದ ಪ್ರಶ್ನೆ ನನ್ನಲ್ಲಿಗೇ ಬರುತ್ತದೆ. ಕೇಳುವವರಿಗೆ ಬೇಕಾಗಿರುವುದು ಒಂದು ಹೆಸರು. ನಾನು ಹೆಸರು ಹೇಳುವ ಮೊದಲು ಅವರು ಇತ್ತೀಚೆಗೆ ಹೊಡೆದ ಹತ್ತು ಹೊಡೆತಗಳ ಟಾರ್ಗೆಟ್ ಕಾರ್ಡನ್ನು ತೋರಿಸಲು ಹೇಳುತ್ತೇನೆ. ಕೆಲವರಿಗೆ ಇದು ಪರೀಕ್ಷೆಯಂತೆ ಕಾಣಿಸಿ ಮುಖ ಸಣ್ಣದಾಗುತ್ತದೆ. ಆದರೆ ಪೆಲೆಟ್ ಬಗ್ಗೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು ಎಂಬುದು ಆ ಕಾರ್ಡಿನಲ್ಲೇ ಇದೆ.

ಹತ್ತರ ವೃತ್ತ ನಿಜಕ್ಕೂ ಎಷ್ಟು ದೊಡ್ಡದು

10 ಮೀಟರ್ ಏರ್ ಪಿಸ್ತೂಲ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ. ಪೆಲೆಟ್‌ನ ವ್ಯಾಸ 4.5 ಮಿ.ಮೀ. ಪೆಲೆಟ್‌ನ ಅಂಚು ಗೆರೆಯನ್ನು ಸೋಕಿದರೂ ಹತ್ತು ಅಂಕ ಸಿಗುತ್ತದೆ. ಹಾಗಾಗಿ ರಂಧ್ರದ ನಡುಬಿಂದು ಟಾರ್ಗೆಟ್‌ನ ನಡುಬಿಂದುವಿನಿಂದ 8 ಮಿ.ಮೀ. ಸರಿದಿದ್ದರೂ ಅದು ಹತ್ತೇ. ನಮಗೆ ಸಿಕ್ಕಿರುವುದು 16 ಮಿ.ಮೀ. ಅಗಲದ ಅಂಗಳ. ಪಕ್ಕದ ಲೇನ್‌ನಲ್ಲಿ ನಿಂತ ರೈಫಲ್‌ನವರ ಹತ್ತು ಬರೀ 0.5 ಮಿ.ಮೀ.ನ ಚುಕ್ಕಿ. ಪೆಲೆಟ್ ಬಗ್ಗೆ ನಾವು ಕೇಳುವ ಭಯಭಕ್ತಿಯ ಮಾತುಗಳಲ್ಲಿ ಹೆಚ್ಚಿನವು ಆ ಕಡೆಯಿಂದ ಬಂದವು. ಅಲ್ಲಿ ಅವು ಸರಿ. ಪಿಸ್ತೂಲಿನವರು ಅವನ್ನು ಹಾಗೆಯೇ ಎತ್ತಿಕೊಂಡು ಬಂದರೆ ಹಣವೂ ದಂಡ, ನಿದ್ದೆಯೂ ದಂಡ.

ಇನ್ನೊಂದು ಲೆಕ್ಕವಿದೆ. ನಿಮ್ಮ ಕೈಯ ಅಲುಗಾಟ ಮತ್ತು ಪೆಲೆಟ್‌ನ ಚೆದುರುವಿಕೆ ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳು. ಇಂಥವು ನೇರವಾಗಿ ಕೂಡಿಕೊಳ್ಳುವುದಿಲ್ಲ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ನಿಮ್ಮ ಕೈ ಹೊಡೆತಗಳನ್ನು 40 ಮಿ.ಮೀ. ಅಗಲಕ್ಕೆ ಚೆದುರಿಸುತ್ತದೆ, ಪೆಲೆಟ್ ತನ್ನ ಪಾಡಿಗೆ ತಾನು 6 ಮಿ.ಮೀ.ಗೆ ಚೆದುರುತ್ತದೆ ಎಂದುಕೊಳ್ಳಿ. ಒಟ್ಟು ಚೆದುರುವಿಕೆ 40.4 ಮಿ.ಮೀ. ಪೆಲೆಟ್ ಬದಲಿಸಿ 6 ಇದ್ದದ್ದನ್ನು 3ಕ್ಕೆ ಇಳಿಸಿದಿರಿ, ಒಟ್ಟು 40.1 ಮಿ.ಮೀ. ಆಯಿತು. ದುಬಾರಿ ಡಬ್ಬಿ ತಂದುಕೊಟ್ಟದ್ದು 0.3 ಮಿ.ಮೀ. ಮಾತ್ರ. ನಿಮ್ಮ ಕೈ 20 ಮಿ.ಮೀ.ಗೆ ಬಂದಿದ್ದರೆ ಅದೇ ಬದಲಾವಣೆಯಿಂದ 20.9 ಇದ್ದದ್ದು 20.2 ಆಗುತ್ತದೆ. ಆ ಮಟ್ಟದ ಶೂಟರ್‌ಗೆ ಅದು ಎಲ್ಲೋ ಒಂದು ಗೆರೆಯನ್ನು ಸೋಕಿಸಿಕೊಟ್ಟೀತು. ಮೊದಲ ವರ್ಷದವರಿಗೆ ಅದರಿಂದ ಏನೂ ಆಗುವುದಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯನ್ನು ನಾನು ಕಪಾಟಿನ ಬಾಗಿಲಿಗೆ ಅಂಟಿಸಿಲ್ಲ, ಅಂಟಿಸುವ ಮನಸ್ಸು ಮಾತ್ರ ಆಗಾಗ ಬರುತ್ತದೆ.

ಹಾಗಾದರೆ ಯಾವ ಪೆಲೆಟ್ ಆದರೂ ನಡೆಯುತ್ತದೆಯೇ? ಖಂಡಿತ ಇಲ್ಲ. ಆದರೆ ಕಾರಣ ಬೇರೆ.

ಪಿಸ್ತೂಲ್ ಕಲಿಯುವವರು ಹೊಡೆತವನ್ನು ಕಾಲ್ ಮಾಡುವುದನ್ನು ಕಲಿಯಬೇಕು. ಟ್ರಿಗರ್ ಬಿಟ್ಟ ಕ್ಷಣದಲ್ಲಿ ಮುಂದಿನ ಸೈಟ್ (ನಳಿಕೆಯ ತುದಿಯ ಗುರಿಕಡ್ಡಿ) ಎಲ್ಲಿತ್ತು ಎಂದು ಹಿಡಿದಿಟ್ಟುಕೊಂಡು, ಟಾರ್ಗೆಟ್ ನೋಡುವುದಕ್ಕೆ ಮೊದಲೇ "ಎಡಕ್ಕೆ, ಒಂಬತ್ತು" ಎಂದು ಹೇಳುವುದೇ ಕಾಲ್. ನಮ್ಮಲ್ಲಿ ಒಬ್ಬಳು ಹುಡುಗಿ ಇದ್ದಳು, ಕಾಲ್ ಮಾಡುವುದರಲ್ಲಿ ಎತ್ತಿದ ಕೈ. ಒಂದು ದಿನ ಹೊಡೆದವಳೇ "ಹತ್ತು, ಸ್ವಲ್ಪ ಕೆಳಗೆ" ಎಂದಳು. ಪರದೆಯ ಮೇಲೆ ಬಂದದ್ದು ಬಲ ಮೇಲ್ಮೂಲೆಯ ಎಂಟು. ತಕ್ಷಣ ಅವಳು ತನ್ನ ಮಣಿಕಟ್ಟನ್ನು ನೋಡಿಕೊಂಡಳು. ಮುಂದಿನ ನಾಲ್ಕೈದು ಹೊಡೆತ ಇಲ್ಲದ ತಪ್ಪನ್ನು ತಿದ್ದುವುದರಲ್ಲೇ ಹೋಯಿತು, ಹಿಡಿತ ಬಿಗಿಯಾಯಿತು, ಹೊಡೆತಗಳು ಎಡಕ್ಕೆ ಜಾರಿದವು. ಅವಳ ಡಬ್ಬಿಯನ್ನು ತೆಗೆದುಕೊಂಡು ಬಿಳಿ ಕಾಗದದ ಮೇಲೆ ಸುರಿದು ನೋಡಿದರೆ ಸ್ಕರ್ಟ್ (ಹಿಂಭಾಗದ ತೆಳು ಅಂಚು) ಚಪ್ಪಟೆಯಾದ ಪೆಲೆಟ್‌ಗಳು ಅಲ್ಲಲ್ಲಿ ಇಣುಕುತ್ತಿದ್ದವು. ಆ ಎಂಟು ಇಂಥದೊಂದರದ್ದೇ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಅವಳ ಕಾಲ್‌ಗೂ ಟಾರ್ಗೆಟ್‌ಗೂ ಇದ್ದ ನಂಟು ಅಂದು ಕಡಿದುಹೋದದ್ದನ್ನು ಕಣ್ಣಾರೆ ಕಂಡೆ.

ಆದ್ದರಿಂದ ನನ್ನ ಅಳತೆಗೋಲು ಇದು: ಅತಿ ಚಿಕ್ಕ ಗ್ರೂಪ್ (ರಂಧ್ರಗಳ ಗುಂಪು) ಕೊಡುವ ಪೆಲೆಟ್ ಬೇಡ, ಸುಳ್ಳು ಹೇಳದ ಪೆಲೆಟ್ ಬೇಕು. ಯಾವಾಗಲೂ 7 ಮಿ.ಮೀ. ಒಳಗೆ ಬೀಳುವ ಸಾಧಾರಣ ಪೆಲೆಟ್, ಸಾಮಾನ್ಯವಾಗಿ 3 ಮಿ.ಮೀ. ಕೊಟ್ಟು ನಡುವೆ ಒಂದನ್ನು ಎಲ್ಲೋ ಎಸೆಯುವ ಪೆಲೆಟ್‌ಗಿಂತ ಮೇಲು.

ಮೊದಲು ಬೇಡವಾದವುಗಳನ್ನು ಬದಿಗಿಡಿ

ಗುರಿ ಸ್ಪರ್ಧೆಯ ಪಿಸ್ತೂಲಿಗೆ 4.5 ಮಿ.ಮೀ. ಕ್ಯಾಲಿಬರ್‌ನ, ಸೀಸದ ಅಥವಾ ಅಂಥದೇ ಮೆತ್ತನೆಯ ಲೋಹದ ಪೆಲೆಟ್ ಬೇಕು. ಡಬ್ಬಿಯ ಮೇಲೆ ಕೆಲವೊಮ್ಮೆ .177 ಎಂದಿರುತ್ತದೆ, ಎರಡೂ ಒಂದೇ. ತಲೆ ಚಪ್ಪಟೆಯಾಗಿರಬೇಕು, ಇದನ್ನು ವಾಡ್‌ಕಟರ್ ಎನ್ನುತ್ತಾರೆ. ಚಪ್ಪಟೆ ತಲೆ ಕಾಗದವನ್ನು ಹರಿಯದೆ ದುಂಡಗೆ ಕತ್ತರಿಸುತ್ತದೆ, ಅಂಕ ಎಣಿಸುವಾಗ ಗೆರೆ ಸೋಕಿದೆಯೋ ಇಲ್ಲವೋ ಎಂಬ ಜಗಳ ಇರುವುದಿಲ್ಲ. ಚೂಪು ತಲೆಯವು, ಗುಂಡು ತಲೆಯವು, ತಲೆಯಲ್ಲಿ ಗುಳಿ ಇರುವವು ಬೇರೆ ಕೆಲಸಕ್ಕೆ ಮಾಡಿದವು. ಉಕ್ಕಿನ ಬಿಬಿ ಗುಂಡುಗಳನ್ನಂತೂ ಹತ್ತಿರಕ್ಕೂ ತರಬೇಡಿ. ಅವು ನಳಿಕೆಯೊಳಗಿನ ತಿರುಚು ಗೀರುಗಳನ್ನು ಕೆಡಿಸುತ್ತವೆ, ಗಟ್ಟಿ ಮೇಲ್ಮೈಗೆ ತಗುಲಿ ಹಿಂದಕ್ಕೆ ಹಾರುತ್ತವೆ. ಯಾವ ಪೆಲೆಟ್ ಬಳಸಿದರೂ ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ.

ತೂಕ

ಮ್ಯಾಚ್ ಪೆಲೆಟ್‌ಗಳು, ಅಂದರೆ ಗುರಿ ಸ್ಪರ್ಧೆಗೆಂದು ಮಾಡಿದವು, ಎರಡು ಮುಖ್ಯ ತೂಕಗಳಲ್ಲಿ ಬರುತ್ತವೆ. ಪಿಸ್ತೂಲಿಗೆಂದು ಮಾಡಿದವು 0.45 ಗ್ರಾಂ ಆಸುಪಾಸು, ಅಂದರೆ ಸುಮಾರು 7 ಗ್ರೇನ್. ರೈಫಲ್‌ಗೆಂದು ಮಾಡಿದವು 0.53 ಗ್ರಾಂ ಆಸುಪಾಸು, ಸುಮಾರು 8.2 ಗ್ರೇನ್. ಆರ್‌ಡಬ್ಲ್ಯುಎಸ್ ಕಂಪನಿಯ ಆರ್ 10 ಮ್ಯಾಚ್ ಮತ್ತು ಮೈಸ್ಟರ್‌ಕುಗೆಲ್ನ್ ಎರಡೂ ಈ ಎರಡೂ ತೂಕಗಳಲ್ಲಿ ಸಿಗುತ್ತವೆ. ಎಚ್ ಆ್ಯಂಡ್ ಎನ್, ಜೆಎಸ್‌ಬಿಯಂಥ ಕಂಪನಿಗಳಲ್ಲಿ ಇವೆರಡರ ನಡುವಿನ ತೂಕದವೂ ಇವೆ.

ಪಿಸ್ತೂಲಿಗೆ ಹಗುರವಾದದ್ದು ಏಕೆ? ಮ್ಯಾಚ್ ಪಿಸ್ತೂಲಿನಿಂದ ಪೆಲೆಟ್ ಸೆಕೆಂಡಿಗೆ 150 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. 0.45 ಗ್ರಾಂ ತೂಕಕ್ಕೆ ಅದು ಸುಮಾರು 5 ಜೌಲ್ ಶಕ್ತಿ. ಅಷ್ಟೇ ಶಕ್ತಿಯಲ್ಲಿ 0.53 ಗ್ರಾಂ ಪೆಲೆಟ್ ಸುಮಾರು 138 ಮೀಟರ್ ವೇಗ ಪಡೆಯುತ್ತದೆ. ಹತ್ತು ಮೀಟರ್ ದಾಟುವಷ್ಟರಲ್ಲಿ ಹಗುರವಾದದ್ದು ಸುಮಾರು 22 ಮಿ.ಮೀ., ಭಾರವಾದದ್ದು ಸುಮಾರು 26 ಮಿ.ಮೀ. ಕೆಳಗಿಳಿಯುತ್ತದೆ. ಈ 4 ಮಿ.ಮೀ. ವ್ಯತ್ಯಾಸ ತಲೆನೋವಲ್ಲ, ಸೈಟ್ ತಿರುಗಿಸಿದರೆ ಮುಗಿಯಿತು. ಮುಖ್ಯವಾದದ್ದು ನಳಿಕೆಯೊಳಗಿನ ಕಾಲ. ಟ್ರಿಗರ್ ಬಿಟ್ಟ ಮೇಲೂ ಪೆಲೆಟ್ ಕೆಲವು ಮಿಲಿಸೆಕೆಂಡು ನಳಿಕೆಯಲ್ಲೇ ಇರುತ್ತದೆ, ಆ ಹೊತ್ತಿನಲ್ಲಿ ಕೈ ಕದಲಿದರೆ ಹೊಡೆತವೂ ಕದಲುತ್ತದೆ. ಹಗುರವಾದದ್ದು ಬೇಗ ಹೊರಬೀಳುತ್ತದೆ. ಲಾಭ ಚಿಕ್ಕದು, ಆದರೂ ಪುಕ್ಕಟೆ.

ಹಾಗೆಂದು 0.53 ಹಾಕಿದರೆ ಪಿಸ್ತೂಲ್ ಕೆಡುವುದಿಲ್ಲ. ಕೆಲವು ನಳಿಕೆಗಳು ಭಾರದ ಪೆಲೆಟ್‌ಗಳನ್ನೇ ಒಟ್ಟಾಗಿ ಇಡುತ್ತವೆ, ಅಂಥವನ್ನು ಬಳಸಿ ಚೆನ್ನಾಗಿ ಹೊಡೆಯುವವರೂ ಇದ್ದಾರೆ. ಸ್ಪ್ರಿಂಗ್ ಪಿಸ್ತೂಲ್ ಮತ್ತು ಒಂದೇ ಸಲ ಪಂಪ್ ಮಾಡುವ ಹಳೆಯ ಪಿಸ್ತೂಲ್‌ಗಳಿಗೆ ಮಾತ್ರ ನಾನು ಹಗುರವಾದದ್ದನ್ನೇ ಕೊಡುತ್ತೇನೆ. ಅವುಗಳಲ್ಲಿ ಉಸಿರು ಕಡಿಮೆ.

ತಲೆಯ ಅಳತೆ ಎಂಬ ಗೊಂದಲ

ಡಬ್ಬಿಯ ಮೇಲೆ ಪುಟ್ಟ ಚೀಟಿಯಲ್ಲಿ 4.49 ಅಥವಾ 4.50 ಎಂದು ಬರೆದಿರುತ್ತದೆ. ಇದು ಪೆಲೆಟ್‌ನ ತಲೆಯ ವ್ಯಾಸ. ಮ್ಯಾಚ್ ಪೆಲೆಟ್‌ಗಳು ಸಾಮಾನ್ಯವಾಗಿ 4.48ರಿಂದ 4.52ರವರೆಗೆ ಸಿಗುತ್ತವೆ. ಮಿಲಿಮೀಟರಿನ ನೂರನೇ ಒಂದು ಭಾಗದ ಈ ಅಂಕಿಗಾಗಿ ಜನ ಸ್ನೇಹ ಕೆಡಿಸಿಕೊಳ್ಳುವುದನ್ನು ನೋಡಿದ್ದೇನೆ.

ಪೆಲೆಟ್ ನಳಿಕೆಯಲ್ಲಿ ಹೇಗೆ ಸಾಗುತ್ತದೆ ಎಂದು ತಿಳಿದರೆ ಗೊಂದಲ ಅರ್ಧ ಕಳೆಯುತ್ತದೆ. ಅದಕ್ಕೆ ಮೂರು ಭಾಗ: ಮುಂದೆ ಗಟ್ಟಿಯಾದ ತಲೆ, ನಡುವೆ ಕಿರಿದಾದ ಸೊಂಟ, ಹಿಂದೆ ತೆಳುವಾದ, ಟೊಳ್ಳಾದ ಸ್ಕರ್ಟ್. ಹಿಂದಿನಿಂದ ಗಾಳಿ ಒತ್ತಿದಾಗ ಸ್ಕರ್ಟ್ ಅಗಲವಾಗಿ ನಳಿಕೆಯ ಗೋಡೆಗೆ ಅಂಟಿ, ಗಾಳಿ ಸೋರದಂತೆ ತಡೆಯುತ್ತದೆ. ತಲೆಯ ಕೆಲಸ ದಾರಿ ತೋರಿಸುವುದು. ಅದು ಗೀರುಗಳ ಏಣುಗಳ ಮೇಲೆ ಕೂತು ಪೆಲೆಟ್ ಓರೆಯಾಗದಂತೆ ನೋಡಿಕೊಳ್ಳುತ್ತದೆ. ತಲೆ ತೀರಾ ಚಿಕ್ಕದಾದರೆ ಆಧಾರ ಸಿಗದೆ ಪೆಲೆಟ್ ತುಸು ವಾಲಿಕೊಂಡು ಹೊರಡಬಹುದು. ತೀರಾ ದೊಡ್ಡದಾದರೆ ಒಳಹೋಗುವಾಗ ಉಜ್ಜಿ ವೇಗ ಏರುಪೇರಾಗಬಹುದು. ಸ್ಕರ್ಟ್ ಹಿಗ್ಗುತ್ತದೆ, ತಲೆ ಹಿಗ್ಗುವುದಿಲ್ಲ. ತಲೆಯ ಅಳತೆಯನ್ನು ಬೇರೆಯಾಗಿ ನಮೂದಿಸುವುದು ಅದಕ್ಕೇ.

ಬ್ರೀಚ್ (ನಳಿಕೆಯ ಹಿಂಬಾಯಿ) ತೆರೆದು ಬೆರಳಿನಿಂದಲೇ ಪೆಲೆಟ್ ತಳ್ಳುವ ಪಿಸ್ತೂಲ್ ನಿಮ್ಮಲ್ಲಿದ್ದರೆ, ಉದಾಹರಣೆಗೆ ಬೈಕಾಲ್ ಐಜೆಡ್ಎಚ್ 46ಎಂ, ಹೆಬ್ಬೆರಳೇ ನಿಮ್ಮ ಅಳತೆ ಪಟ್ಟಿ. ಪೆಲೆಟ್ ತಾನಾಗಿ ಒಳಗೆ ಜಾರಿಬಿದ್ದರೆ ತಲೆ ಚಿಕ್ಕದು. ಉಗುರಿನಿಂದ ಒತ್ತಿ ತಿಣುಕಿದರೂ ಸ್ಕರ್ಟ್ ಹೊರಗೇ ಉಳಿದರೆ ದೊಡ್ಡದು. ಸಮನಾದ, ಮೆದುವಾದ ತಡೆಯೊಂದಿಗೆ ಒಳಹೋಗಿ ಸ್ಕರ್ಟ್‌ನ ಅಂಚು ಬ್ರೀಚ್‌ನ ಮಟ್ಟಕ್ಕೆ ನಿಂತರೆ ಸರಿ. ಇಂದಿನ ಮ್ಯಾಚ್ ಪಿಸ್ತೂಲ್‌ಗಳಲ್ಲಿ ಹೆಚ್ಚಿನವು ಪೆಲೆಟ್ಟನ್ನು ತಾವೇ ಒಳಗೆ ತಳ್ಳಿಕೊಳ್ಳುತ್ತವೆ, ಬೆರಳಿಗೆ ಆ ಸುದ್ದಿ ಮುಟ್ಟುವುದಿಲ್ಲ.

ನನ್ನ ಸಲಹೆ: 4.49 ಅಥವಾ 4.50ರಿಂದ ಶುರು ಮಾಡಿ. ಚೀಟಿಯ ಮೇಲಿನ ಅಂಕಿಯನ್ನು ದೇವರ ವಾಕ್ಯವೆಂದು ನಂಬಬೇಡಿ. ಒಂದು ಕಂಪನಿಯ 4.50 ಮತ್ತೊಂದು ಕಂಪನಿಯ 4.50ರಂತೆಯೇ ನಡೆದುಕೊಳ್ಳಬೇಕೆಂದಿಲ್ಲ. ನಿಮ್ಮ ಪಿಸ್ತೂಲಿನ ಜೊತೆ ಕಾರ್ಖಾನೆಯ ಪರೀಕ್ಷಾ ಕಾರ್ಡ್ ಬಂದಿದ್ದರೆ, ಅದನ್ನು ಯಾವ ಪೆಲೆಟ್‌ನಿಂದ ಹೊಡೆದಿದ್ದಾರೆ ಎಂದು ನೋಡಿ. ಹುಡುಕಾಟಕ್ಕೆ ಅದು ಒಳ್ಳೆಯ ಆರಂಭ, ಅಷ್ಟೇ. ಅಲ್ಲಿ ಬಳಸಿದ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ಬೇರೆ, ನಿಮಗೆ ಸಿಗುವ ಲಾಟ್ ಬೇರೆ.

ಡಬ್ಬಿ ತೆರೆದಾಗ

ಡಬ್ಬಿಗಳಲ್ಲಿ ಮೂರು ಅಂತಸ್ತುಗಳಿವೆ. ಕೆಳಗೆ ಆರ್‌ಡಬ್ಲ್ಯುಎಸ್ ಹಾಬಿಯಂಥ ಅಗ್ಗದ, ಹಗುರವಾದ ಚಪ್ಪಟೆ ತಲೆಯವು. ನಡುವೆ ಮೈಸ್ಟರ್‌ಕುಗೆಲ್ನ್‌ನಂಥ ತರಬೇತಿ ದರ್ಜೆಯವು. ಮೇಲೆ ಆರ್ 10 ಮ್ಯಾಚ್, ಫಿನಾಲೆ ಮ್ಯಾಚ್‌ನಂಥ ಸ್ಪರ್ಧೆಯ ದರ್ಜೆಯವು. ಮೇಲಿನ ದರ್ಜೆಯವು ಕೆಲವೊಮ್ಮೆ ಪ್ರತಿ ಪೆಲೆಟ್‌ಗೂ ಒಂದೊಂದು ಗೂಡಿರುವ ತಟ್ಟೆಗಳಲ್ಲಿ ಬರುತ್ತವೆ. ಬೆಲೆ ಹೆಚ್ಚಾದಷ್ಟೂ ಕೆಟ್ಟ ಪೆಲೆಟ್ ಕಡಿಮೆ. ನೀವು ಹಣ ತೆರುವುದು ಒಳ್ಳೆಯ ಪೆಲೆಟ್‌ಗಿಂತ ಹೆಚ್ಚಾಗಿ ಈ ಕೆಟ್ಟ ಪೆಲೆಟ್‌ಗಳ ಗೈರುಹಾಜರಿಗೆ. ದಿನದ ತರಬೇತಿಗೆ ನಡುವಿನ ದರ್ಜೆ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಗ್ಗದ ದರ್ಜೆಯದ್ದೇ ಕೈಗೆ ಸಿಕ್ಕರೆ ಆರಿಸಿ ಬಳಸಬೇಕು.

ಆರಿಸುವುದು ಹೀಗೆ. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ಒಂದು ಹಿಡಿಯಷ್ಟು ಪೆಲೆಟ್ ಹರಡಿ. ದೀಪವನ್ನು ಪಕ್ಕದಿಂದ, ಬಹುತೇಕ ಮೇಜಿನ ಮಟ್ಟಕ್ಕೆ ಹಿಡಿಯಿರಿ. ಒಂದೊಂದನ್ನೇ ಸೊಂಟದಲ್ಲಿ ಎರಡು ಬೆರಳಿನಿಂದ ಹಿಡಿದು ಸ್ಕರ್ಟ್‌ನ ಬಾಯಿಯನ್ನು ನಿಮ್ಮ ಕಣ್ಣಿಗೆ ತಿರುಗಿಸಿ. ಒಳ್ಳೆಯದರ ಬಾಯಿ ಪೂರ್ತಿ ದುಂಡಗಿದ್ದು, ಅಂಚಿನ ಸುತ್ತ ಬೆಳಕು ಒಂದೇ ದಪ್ಪದ ಗೆರೆಯಾಗಿ ಓಡುತ್ತದೆ. ಕೆಟ್ಟದರಲ್ಲಿ ಆ ಗೆರೆ ಒಂದು ಕಡೆ ತುಂಡಾಗುತ್ತದೆ ಅಥವಾ ಬಾಯಿ ಮೊಟ್ಟೆಯಾಕಾರ ತಾಳಿರುತ್ತದೆ. ಬಳಿಕ ಒಳಗೆ ನೋಡಿ. ಸೀಸದ ಚಿಕ್ಕ ಸಿಬಿರು ಅಂಟಿಕೊಂಡಿದ್ದರೆ ಅದನ್ನು ಕೀಳಲು ಹೋಗದೆ ಪೆಲೆಟ್ಟನ್ನೇ ಬಿಡಿ. ಕೊನೆಗೆ ತಲೆ ತಿರುಗಿಸಿ. ಮುಖ ನಯವಾಗಿ, ಅಂಚು ಚೂಪಾಗಿ ಇರಬೇಕು. ಮೇಲೆ ಬಿಳಿಯ ಪುಡಿ ಹಿಡಿದಿದ್ದರೆ ಸೀಸ ತೇವ ಕುಡಿದಿದೆ ಎಂದರ್ಥ, ಆ ಡಬ್ಬಿಯನ್ನು ಬದಿಗಿಡಿ.

ಗಾಜಿನ ಮೇಲೆ ಉರುಳಿಸಿ ನೋಡುವ ಉಪಾಯವೂ ಇದೆ. ಸ್ಕರ್ಟ್ ತಲೆಗಿಂತ ಅಗಲವಾದ್ದರಿಂದ ಪೆಲೆಟ್ ನೇರವಾಗಿ ಉರುಳದೆ ಬಳಸಿಕೊಂಡು ಹೋಗುತ್ತದೆ. ಒಳ್ಳೆಯದು ಆ ದಾರಿಯನ್ನು ನುಣುಪಾಗಿ ಕ್ರಮಿಸುತ್ತದೆ, ಡೊಂಕಾದದ್ದು ಕುಂಟುತ್ತದೆ.

ತಕ್ಕಡಿಯಲ್ಲಿ ಒಂದೊಂದನ್ನೇ ತೂಗುವುದು ಮಾತ್ರ ಪಿಸ್ತೂಲಿನವರಿಗೆ ವ್ಯರ್ಥ. 0.45 ಗ್ರಾಂ ಪೆಲೆಟ್ 0.005 ಗ್ರಾಂ ಹೆಚ್ಚು ತೂಗಿದರೆ ಹತ್ತು ಮೀಟರ್‌ನಲ್ಲಿ ಅದು ಬೀಳುವ ಜಾಗ ಸುಮಾರು ಕಾಲು ಮಿಲಿಮೀಟರ್ ಕೆಳಗಿಳಿಯುತ್ತದೆ. 16 ಮಿ.ಮೀ. ಅಂಗಳದಲ್ಲಿ ಕಾಲು ಮಿಲಿಮೀಟರ್! ಆ ಸಂಜೆಯನ್ನು ಖಾಲಿ ಗೋಡೆಗೆ ಪಿಸ್ತೂಲ್ ಹಿಡಿದು ಟ್ರಿಗರ್ ಅಭ್ಯಾಸ ಮಾಡುವುದಕ್ಕೆ ಕೊಡಿ.

ಪರೀಕ್ಷೆ ಮಾಡುವ ಕ್ರಮ

ಎರಡು ಮೂರು ಬಗೆಯ ಪೆಲೆಟ್ ಸಾಕು. ಹತ್ತು ಬಗೆ ಹರಡಿಕೊಂಡು ಕೂತವರು ಯಾವುದನ್ನೂ ಸರಿಯಾಗಿ ಪರೀಕ್ಷಿಸಿದ್ದನ್ನು ನಾನು ಕಂಡಿಲ್ಲ.

ಪಿಸ್ತೂಲನ್ನು ಕಚ್ಚಿ ಹಿಡಿಯುವ ಸ್ಟ್ಯಾಂಡ್ ಕ್ಲಬ್ಬಿನಲ್ಲಿದ್ದರೆ ಒಳ್ಳೆಯದು. ಪಿಸ್ತೂಲಿನ ಗಾಳಿಯ ಸಿಲಿಂಡರನ್ನು ಅದಕ್ಕೆ ಕಚ್ಚಿಸಿ ಬಿಗಿಯಬೇಡಿ. ಅದರ ಮೇಲೆ ಬಿದ್ದ ಒತ್ತಡ ನಳಿಕೆಗೂ ಮುಟ್ಟಿ ಪರೀಕ್ಷೆಯೇ ಕೆಡಬಹುದು. ಸ್ಟ್ಯಾಂಡ್ ಇಲ್ಲದಿದ್ದರೆ ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಎರಡೂ ಕೈಗಳಿಂದ ಹಿಡಿದು, ಮುಂಗೈಗಳನ್ನು ಚೀಲದ ಮೇಲೆ ಊರಿ ಹೊಡೆಯಿರಿ. ತರಬೇತಿ ಮುಗಿಸಿ ದಣಿದ ಕಣ್ಣಿನಲ್ಲಿ ಇದನ್ನು ಮಾಡಬೇಡಿ, ಬೇರೆಯೇ ದಿನ ಇಟ್ಟುಕೊಳ್ಳಿ.

ಪೆಲೆಟ್ ಬದಲಿಸಿದ ಕೂಡಲೇ ಎಣಿಕೆ ಶುರು ಮಾಡಬಾರದು. ನಳಿಕೆಯಲ್ಲಿ ಹಿಂದಿನ ಪೆಲೆಟ್‌ನ ಸೀಸ ಮತ್ತು ಜಿಡ್ಡು ತೆಳುವಾಗಿ ಅಂಟಿಕೊಂಡಿರುತ್ತದೆ. ಹೊಸ ಪೆಲೆಟ್‌ನಿಂದ ಹತ್ತು ಹದಿನೈದು ಹೊಡೆತ ಲೆಕ್ಕಕ್ಕಿಡದೆ ಬಿಟ್ಟು, ಆಮೇಲೆ ಕಾರ್ಡ್ ಹಾಕಿ. ಸಿಲಿಂಡರ್‌ನ ಒತ್ತಡ ಹಸಿರು ಪಟ್ಟಿಯ ಒಳಗೇ ಇರಲಿ. ಸೈಟ್ ತಿರುಗಿಸಬೇಡಿ. ಗ್ರೂಪ್ ಏಳರ ವೃತ್ತದಲ್ಲಿ ಬಿದ್ದರೂ ಚಿಂತೆಯಿಲ್ಲ, ನಾವು ಅಳೆಯುತ್ತಿರುವುದು ಅದು ಎಷ್ಟು ಒಟ್ಟಾಗಿದೆ ಎಂಬುದನ್ನು. ನಡುಬಿಂದು ಹರಿದುಹೋಗದೆ ಉಳಿದರೆ ಗುರಿಯಿಡಲು ಅನುಕೂಲವೂ ಹೌದು.

ಒಂದು ಗ್ರೂಪಿಗೆ ಹತ್ತು ಹೊಡೆತ. ಐದು ಹೊಡೆತದ ಗ್ರೂಪ್ ನೋಡಲು ಚೆಂದ, ನಂಬಲು ಕಷ್ಟ. ಬರೀ ಐದು ಹೊಡೆತದಲ್ಲಿ ಯಾವ ಪೆಲೆಟ್ ಆದರೂ ಒಮ್ಮೊಮ್ಮೆ ಚೆನ್ನಾಗಿ ಕಾಣಿಸಿಕೊಳ್ಳುತ್ತದೆ. ಪ್ರತಿ ಬಗೆಗೆ ಕನಿಷ್ಠ ನಾಲ್ಕು ಇಂಥ ಗ್ರೂಪ್ ಬೇಕು. ಮೊದಲು ಒಂದರದ್ದೆಲ್ಲ, ಆಮೇಲೆ ಇನ್ನೊಂದರದ್ದೆಲ್ಲ ಎಂದು ಹೊಡೆಯದೆ ಸರದಿ ಬದಲಿಸುತ್ತಾ ಹೋಗಿ. ಇಲ್ಲದಿದ್ದರೆ ಕೊನೆಗೆ ಬಂದ ಪೆಲೆಟ್ ನಿಮ್ಮ ದಣಿವಿನ ಶಿಕ್ಷೆ ಅನುಭವಿಸುತ್ತದೆ. ಸಾಧ್ಯವಾದರೆ ಪೆಲೆಟ್‌ಗಳನ್ನು ಗುರುತಿಲ್ಲದ ಬಟ್ಟಲುಗಳಿಗೆ ಹಾಕಿಸಿಕೊಳ್ಳಿ, ಯಾವುದು ಯಾವುದೆಂಬುದು ಜೊತೆಗಾರನಿಗೆ ಮಾತ್ರ ಗೊತ್ತಿರಲಿ. ದುಬಾರಿ ಡಬ್ಬಿಯದ್ದು ಎಂದು ತಿಳಿದ ಮರುಕ್ಷಣ ಕೈ ಹೆಚ್ಚು ಜಾಗರೂಕವಾಗುತ್ತದೆ. ಇದು ಎಲ್ಲರಿಗೂ ಆಗುತ್ತದೆ.

ಅಳೆಯಲು ಕ್ಯಾಲಿಪರ್ ಬಳಸಿ. ಅತಿ ದೂರದ ಎರಡು ರಂಧ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಮಿ.ಮೀ. ಕಳೆದರೆ ನಡುವಿನಿಂದ ನಡುವಿಗೆ ಇರುವ ದೂರ ಸಿಗುತ್ತದೆ. ಹೊರ ಅಳತೆ 8 ಮಿ.ಮೀ. ಬಂದರೆ ನಿಜವಾದ ಚೆದುರುವಿಕೆ 3.5 ಮಿ.ಮೀ. ಕಾರ್ಡಿನ ಹಿಂದೆ ಗಟ್ಟಿಯಾದ ರಟ್ಟು ಇದ್ದರೆ ರಂಧ್ರದ ಅಂಚು ಸ್ಪಷ್ಟವಾಗಿ ಮೂಡುತ್ತದೆ.

ಈಗ ಕಾರ್ಡುಗಳನ್ನು ಸಾಲಾಗಿ ಇಟ್ಟು ನೋಡಿ. ಎಲ್ಲರ ಕಣ್ಣೂ ಅತಿ ಚಿಕ್ಕ ಗ್ರೂಪಿನ ಮೇಲೆ ಹೋಗುತ್ತದೆ. ನೀವು ಪ್ರತಿ ಬಗೆಯ ಅತಿ ದೊಡ್ಡ ಗ್ರೂಪನ್ನು ನೋಡಿ. ಗುಂಪು ಬಿಟ್ಟು ಒಂಟಿಯಾಗಿ ನಿಂತ ರಂಧ್ರ ಯಾವ ಬಗೆಯಲ್ಲಿ ಮತ್ತೆ ಮತ್ತೆ ಬಂದಿದೆ? ಆ ಬಗೆಯನ್ನು ಕೈಬಿಡಿ, ಅದರ ಉಳಿದ ಒಂಬತ್ತು ಒಂದೇ ರಂಧ್ರದಲ್ಲಿ ಹೋಗಿದ್ದರೂ ಸರಿ. ಎರಡು ಬಗೆಗಳ ನಡುವೆ ಅರ್ಧ ಮಿಲಿಮೀಟರ್ ವ್ಯತ್ಯಾಸವಷ್ಟೇ ಇದ್ದರೆ ಅಗ್ಗವಾದದ್ದನ್ನು, ಅದಕ್ಕಿಂತ ಮುಖ್ಯವಾಗಿ ಮತ್ತೆ ಸುಲಭವಾಗಿ ಸಿಗುವುದನ್ನು ತೆಗೆದುಕೊಳ್ಳಿ.

ಲಾಟ್ ನೋಡಿ ಕೊಳ್ಳಿ

ಡಬ್ಬಿಯ ತಳದಲ್ಲೋ ಮುಚ್ಚಳದ ಅಂಚಿನಲ್ಲೋ ಲಾಟ್ ಸಂಖ್ಯೆ ಇರುತ್ತದೆ. ನೀವು ಆರಿಸಿದ್ದು ಹೆಸರನ್ನಲ್ಲ, ಆ ಸಂಖ್ಯೆಯನ್ನು. ಪೆಲೆಟ್ ಒತ್ತುವ ಅಚ್ಚು ಸವೆಯುತ್ತದೆ, ಬದಲಾಗುತ್ತದೆ. ಅದೇ ಹೆಸರು, ಅದೇ ತಲೆಯ ಅಳತೆ ಇದ್ದರೂ ಮುಂದಿನ ಲಾಟ್ ನಿಮ್ಮ ನಳಿಕೆಗೆ ಒಗ್ಗದೆ ಹೋಗಬಹುದು. ಪರೀಕ್ಷೆಯಲ್ಲಿ ಗೆದ್ದ ಲಾಟ್‌ನಲ್ಲಿ ನಿಮ್ಮ ಕೈಲಾದಷ್ಟು ಡಬ್ಬಿಗಳನ್ನು ಒಮ್ಮೆಗೇ ಕೊಂಡುಬಿಡಿ. ದೊಡ್ಡ ಡಬ್ಬಿಯಲ್ಲಿ 500 ಪೆಲೆಟ್ ಇರುತ್ತವೆ. ಒಂದು ಸ್ಪರ್ಧೆಗೆ 60 ಹೊಡೆತ, ಅದರ ಮೇಲೆ ಸೈಟಿಂಗ್ ಹೊಡೆತಗಳು, ಅಂದರೆ ಅಂಕಕ್ಕೆ ಮೊದಲು ಗುರಿ ಸರಿಪಡಿಸಿಕೊಳ್ಳುವ ಹೊಡೆತಗಳು. ವಾರಕ್ಕೆ ಎಷ್ಟು ಹೊಡೆಯುತ್ತೀರಿ ಎಂಬ ಲೆಕ್ಕ ನಿಮಗೇ ಗೊತ್ತು. ಆ ಲಾಟ್ ಮುಗಿಯುವವರೆಗೆ ಪೆಲೆಟ್ ವಿಷಯವನ್ನೇ ಮರೆತುಬಿಡಿ. ಪಕ್ಕದವನು ಹೊಸ ಡಬ್ಬಿ ತಂದು ಹೊಗಳಿದರೆ "ಚೆನ್ನಾಗಿದೆ" ಎಂದು ಹೇಳಿ ನಿಮ್ಮ ಲೇನ್‌ಗೆ ಮರಳಿ.

ಸೀಸದ ಜೊತೆ ಬದುಕುವಾಗ

ಸೀಸ ವಿಷ; ಇದರಲ್ಲಿ ರಿಯಾಯಿತಿ ಇಲ್ಲ. ಪೆಲೆಟ್‌ಗಳನ್ನು ಬಾಯಲ್ಲಿ ಇಟ್ಟುಕೊಳ್ಳುವ ಹುಡುಗರನ್ನು ನಾನು ಲೇನ್‌ನಿಂದಲೇ ಆಚೆ ಕಳುಹಿಸುತ್ತೇನೆ. ಶೂಟಿಂಗ್ ಸಾಲಿನಲ್ಲಿ ತಿನ್ನುವುದು, ಕುಡಿಯುವುದು ಬೇಡ. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಮುಖ ಮುಟ್ಟಬೇಡಿ. ಪೆಲೆಟ್ ಹಿಡಿಯುವ ಪೆಟ್ಟಿಗೆಯ ಸುತ್ತ ಒಣ ಪೊರಕೆ ಆಡಿಸಿದರೆ ಸೀಸದ ಧೂಳು ಗಾಳಿಗೇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಗರ್ಭಿಣಿಯರನ್ನೂ ಚಿಕ್ಕ ಮಕ್ಕಳನ್ನೂ ಆ ಕೆಲಸದಿಂದ ದೂರವಿಡಿ.

ಸೀಸವಿಲ್ಲದ ಪೆಲೆಟ್‌ಗಳೂ ಇವೆ, ಎಚ್ ಆ್ಯಂಡ್ ಎನ್ ಕಂಪನಿಯ ಮ್ಯಾಚ್ ಗ್ರೀನ್ ಅಂಥದ್ದು. ತೂಕ 0.34 ಗ್ರಾಂ ಮಾತ್ರ. ಲೋಹ ಸೀಸಕ್ಕಿಂತ ಗಟ್ಟಿ, ಆದ್ದರಿಂದ ನಳಿಕೆಗೆ ಒಗ್ಗುತ್ತದೋ ಇಲ್ಲವೋ ಎಂಬುದನ್ನು ಮೇಲಿನ ಪರೀಕ್ಷೆಯಿಂದಲೇ ತಿಳಿಯಬೇಕು. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಅಭ್ಯಾಸ ಮಾಡುವವರು ಇವನ್ನು ಪರೀಕ್ಷಿಸಿ ನೋಡಲೇಬೇಕು.

ಡಬ್ಬಿಗಳನ್ನು ಒಣ ಜಾಗದಲ್ಲಿ ಮುಚ್ಚಳ ಬಿಗಿದು ಇಡಿ. ಅರ್ಧ ಖಾಲಿಯಾದ ಡಬ್ಬಿ ಚೀಲದಲ್ಲಿ ಕುಲುಕಾಡಿದರೆ ಸ್ಕರ್ಟ್‌ಗಳು ಒಂದಕ್ಕೊಂದು ಬಡಿದು ನೆಗ್ಗುತ್ತವೆ. ಮುಚ್ಚಳದೊಳಗೆ ದುಂಡಗೆ ಕತ್ತರಿಸಿದ ಸ್ಪಂಜಿನ ತುಂಡು ಇಟ್ಟರೆ ಸಾಕು. ಪೆಲೆಟ್‌ಗೆ ಎಣ್ಣೆ ಹಚ್ಚಬೇಡಿ. ನಳಿಕೆಯನ್ನು ಆಗಾಗ ಫೆಲ್ಟ್ ಉಂಡೆಗಳಿಂದ ಶುಚಿ ಮಾಡಿ. ಸ್ಪ್ರಿಂಗ್ ಪಿಸ್ತೂಲಿನಲ್ಲಿ ಮಾತ್ರ ಆ ಉಂಡೆಗಳನ್ನು ಹೊಡೆದು ಹೊರಹಾಕಬೇಡಿ. ಅಷ್ಟು ಹಗುರವಾದದ್ದು ಮುಂದಿದ್ದರೆ ಗಾಳಿಯ ತಡೆ ಸಿಗದೆ ಪಿಸ್ಟನ್ ಜೋರಾಗಿ ಬಡಿಯುತ್ತದೆ.

ಸ್ಪರ್ಧೆಯ ಹಿಂದಿನ ಸಂಜೆ ಆ ಲಾಟ್‌ನಿಂದ ನೂರು ಪೆಲೆಟ್ ಆರಿಸಿ ಗೂಡುಗಳಿರುವ ತಟ್ಟೆಗೆ ಹಾಕಿಡಿ. ಸೈಟಿಂಗ್‌ಗೂ ಅವೇ, ಅಂಕದ ಹೊಡೆತಕ್ಕೂ ಅವೇ. ಸೈಟಿಂಗ್‌ಗೆ ಅಗ್ಗದ್ದನ್ನು ಹೊಡೆದು ಉಳಿಸಿದ ಹಣ ಮೊದಲ ಸರಣಿಯಲ್ಲೇ ಕೈಬಿಡುತ್ತದೆ. ಕೆಳಗೆ ಬಿದ್ದ ಪೆಲೆಟ್ ಎತ್ತಿ ನೋಡಿ ಚೆನ್ನಾಗಿದೆ ಅನ್ನಿಸಿದರೂ ನಳಿಕೆಗೆ ಹಾಕಬೇಡಿ, ಪಕ್ಕದಲ್ಲಿ ಒಂದು ಖಾಲಿ ಡಬ್ಬಿ ಇಟ್ಟುಕೊಂಡು ಅದರೊಳಗೆ ಹಾಕಿ. ಅದೇ ಲಾಟ್‌ನ ಮುಚ್ಚಿದ ಇನ್ನೊಂದು ಡಬ್ಬಿ ಚೀಲದಲ್ಲಿರಲಿ, ತಟ್ಟೆ ಕೈಜಾರಿ ಬೀಳುವುದು ಹೊಸಬರಿಗೆ ಮಾತ್ರ ಆಗುವಂಥದ್ದಲ್ಲ.